ಬಾಣಂತಿ ಕೋಣೆಯ ಸಾಕ್ಷಿ

ಸಾಂಬ್ರಾಣಿ ಹಾಕಲು ಕೆಂಡದ ಬೋಗುಣಿ ಹಿಡಿದು ಗೋಪಾಲಮ್ಮ ಬಾಣಂತಿ ಕೋಣೆಯ ಬಾಗಿಲಿಗೆ ಬಂದಿದ್ದಳಷ್ಟೆ, ಮೆಟ್ಟಿಲ ಮೇಲೆ ಪಟಪಟ ಸದ್ದಾಯಿತು. ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ನೀಮಾ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಓಡಿ ಬಂದಳು. ಮುಂಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಮೂರು ವರ್ಷದಲ್ಲಿ ಒಮ್ಮೆಯೂ ಮರೆಯದ ಹುಡುಗಿ ಇವತ್ತು ಮೆಟ್ಟಿಕೊಂಡೇ ನಡುಮನೆಗೆ ನುಗ್ಗಿದ್ದಳು. ರೇಗಬೇಕೆಂದು ಬಾಯಿ ತೆರೆದ ಗೋಪಾಲಮ್ಮ ಅವಳ ಮುಖ ನೋಡಿ, ಏನಾಯಿತೆಂದು ಕೇಳಿದಳು.

"ಅಮ್ಮಾ, ಅವ್ರು ಬಂದವ್ರೆ," ಎಂದಳು ನೀಮಾ. "ಇಸ್ತ್ರಿ ಅಂಗಡಿ ಗಯಾಸ್ ಅಣ್ಣ ಫೋನ್ ಮಾಡ್ದ. ಅವ್ನ ಅಂಗಡಿ ಅತ್ರ ನಿಂತ್ಕೊಂಡು ನನ್ ಫೋಟೋ ತೋರುಸ್ತಾವ್ರಂತೆ. ಒಬ್ರು ನಮ್ ದೇಶದವ್ರು. ಇನ್ನೊಬ್ರು ಇಲ್ಲೀವ್ರು."

ನೀಮಾ ಆಫ್ರಿಕಾದವಳು. ಔಷಧಿ ತಯಾರಿಕೆ ಓದಲು ಬಂದವಳು ಕನ್ನಡ ಕಲಿತದ್ದು ಗೋಪಾಲಮ್ಮನ ಬಾಯಿಂದ. ಹಾಗಾಗಿ ಗೋಪಾಲಮ್ಮ ನುಂಗುವ ಅಕ್ಷರಗಳನ್ನೆಲ್ಲ ಅವಳೂ ನುಂಗುತ್ತಿದ್ದಳು. ಕಾಲೇಜಿನ ಹುಡುಗಿಯರು ನಗುತ್ತಾರೆಂದು ಹೇಳಿದಾಗ ಗೋಪಾಲಮ್ಮ, ನಗಲಿ ಬಿಡು, ಅವರಿಗೇನು ಗೊತ್ತು ಕನ್ನಡ ಎಂದಿದ್ದಳು. ಈಗ ಅವಳಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಇನ್ನೊಬ್ಬರು ಇಲ್ಲಿಯವರು. ಅದು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಲಕ್ಕಣ್ಣ. ಅವಳ ಚಿಕ್ಕಪ್ಪನ ಮಗ. ತಣಿಸಂದ್ರದಲ್ಲಿ ಸೈಟು ಮಾರಿಸುವುದು, ಮನೆ ಬಾಡಿಗೆಗೆ ಕೊಡಿಸುವುದು ಅವನ ಕಸುಬು. ಮೊನ್ನೆ ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಅವಳೇ ಅವನನ್ನು ಕರೆದು ನಿಲ್ಲಿಸಿಕೊಂಡು ಹೇಳಿದ್ದಳು: "ಶುಕ್ರುವಾರ ನಮ್ಮ್ ಮನೆ ಉಡ್ಗಿ ಕೋರ್ಟಲ್ಲಿ ಸಾಕ್ಷಿ ಏಳ್ತಾಳೆ ಕಣೋ. ಕಂಪ್ಯೂಟ್ರಲ್ಲೇ. ಮಧ್ಯಾಹ್ನ ನೀನೂ ಬಾ, ಕೂತ್ಕೊ. ಒಬ್ಬಂಟಿ ಉಡ್ಗಿ, ಇಂದೆ ಜನ ಅವ್ರೆ ಅಂತ ಕಾಣ್ಬೇಕು."

ಅವಳಿಗೆ ಗೊತ್ತಿದ್ದ ಕೋರ್ಟು ಅಂಥದ್ದು. ಗಂಡ ಮುನಿಆಂಜಿನಪ್ಪ ಬದುಕಿದ್ದಾಗ, ಲೇಔಟಿಗೆ ಹೋದ ಜಮೀನಿನ ಮೇಲೆ ಕೇಸು ಹಾಕಿ ಅರ್ಧ ಆಯುಸ್ಸು ಅಲೆದಿದ್ದ. ವಾಯಿದೆ ಬಂದಾಗಲೆಲ್ಲ ಇಡೀ ಮನೆತನ ಟೆಂಪೋ ಮಾಡಿಕೊಂಡು ಹೋಗುವುದು. ಚಿತ್ರಾನ್ನದ ಡಬರಿ, ಮಜ್ಜಿಗೆ ಕ್ಯಾನು, ಕಂಕುಳಲ್ಲಿ ಮಕ್ಕಳು. ಸಾಕ್ಷಿ ಹೇಳುವವನ ಬೆನ್ನಿಗೆ ಬಂಧುಬಳಗ ನಿಲ್ಲದಿದ್ದರೆ ಎದುರು ಪಕ್ಷದವರು ಹೊರಗೆ ಹೆದರಿಸುತ್ತಾರೆ, ಒಳಗೆ ವಕೀಲರು ಹೆದರಿಸುತ್ತಾರೆ. ಅದಕ್ಕೇ ನೀಮಾಳಿಗೆ ಬೆನ್ನಾಗಿರಲಿ ಎಂದು ಊರಿನಲ್ಲಿ ಮಾತಿನ ತೂಕವಿರುವ ತಮ್ಮನನ್ನು ಕರೆದಿದ್ದಳು. ಲಕ್ಕಣ್ಣ ಆಗ ಒಂದು ಥರ ತಲೆಯಾಡಿಸಿ, "ಯಾವ ಉಡ್ಗಿ ಅಕ್ಕಾ? ಮೂರ್ನೇ ಮಹಡೀದಾ?" ಎಂದು ಕೇಳಿದ್ದ. ಹೌದು ಎಂದಿದ್ದಳು. ಎಷ್ಟು ಹೊತ್ತಿಗೆ ಎಂದು ಕೇಳಿದ್ದ. ಅದನ್ನೂ ಹೇಳಿದ್ದಳು.

ಈ ಕೋರ್ಟು ಮಾತ್ರ ಬೇರೆಯದು ಎಂದು ನೀಮಾ ಹಲವು ಸಲ ಬಿಡಿಸಿ ಹೇಳಿದ್ದಳು. ಅವಳ ಅಣ್ಣ ಬರಾಕಾ ಶಾಲೆ ಮೇಷ್ಟ್ರು. ಸಂಬಳಕ್ಕಾಗಿ ಮೇಷ್ಟ್ರುಗಳನ್ನು ಸೇರಿಸಿ ಮುಷ್ಕರ ಮಾಡಿದ. ಒಂದು ಬೆಳಗ್ಗೆ ಸಮವಸ್ತ್ರದವರು ಜೀಪಿನಲ್ಲಿ ಬಂದು ಅವನನ್ನು ಅಂಗಳದಿಂದಲೇ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಅವರ ದೇಶದ ಕೋರ್ಟುಗಳೆಲ್ಲ, ಅಂಥವನನ್ನು ಯಾರೂ ಹಿಡಿದೇ ಇಲ್ಲ ಎಂದು ಕಾಗದ ಮುಚ್ಚಿದವು. ಆಗ ಅವಳ ತಾಯಿ, ಹಲವಾರು ದೇಶಗಳು ಸೇರಿ ಮಾಡಿಕೊಂಡ ಇನ್ನೊಂದು ಕೋರ್ಟಿಗೆ ಹೋದಳು. ಜೀಪು ಬಂದದ್ದನ್ನೂ ಇಳಿದ ಅಧಿಕಾರಿಯ ಮುಖವನ್ನೂ ನೋಡಿದವಳು ನೀಮಾ ಒಬ್ಬಳೇ.

"ಡೆಲ್ಲಿ ಕೋರ್ಟ್‌ಗಿಂತ ಮ್ಯಾಲೆ ಒಂದು ಕೋರ್ಟ್ ಐತಾ?" ಎಂದು ಗೋಪಾಲಮ್ಮ ಬೆರಗಾಗಿ ಕೇಳಿದ್ದಳು.

"ನಿಮಗೆ ಇಲ್ಲ ಅಮ್ಮಾ. ನಮಗೆ ಐತೆ."

"ಆ ಕೋರ್ಟ್‌ಗೆ ಪೊಲೀಸ್ರು ಅವ್ರಾ? ಎಳ್ಕೊಂಡ್ ಬರೋಕೆ, ಜೈಲಿಗಾಕೋಕೆ?"

"ಇಲ್ಲ."

"ಮತ್ತೇನ್ ಮಾಡ್ತಾರೆ?"

"ಕೇಳ್ತಾರೆ. ಆಮೇಲೆ ದೇಶ ತಪ್ಪು ಮಾಡ್ತು ಅಂತ ಏಳ್ತಾರೆ. ಎಲ್ಲಾರ್ ಮುಂದೆ ಏಳ್ತಾರೆ."

ಅಷ್ಟಕ್ಕೇ ಇಷ್ಟು ಒದ್ದಾಟವಾ ಎಂದು ಆಗ ಗೋಪಾಲಮ್ಮನಿಗೆ ಅನಿಸಿದ್ದು ನಿಜ. ಆದರೆ ಆ ಅಷ್ಟನ್ನು ಹೇಳಿಸಬಾರದೆಂದು ಸಮುದ್ರ ದಾಟಿ ಒಬ್ಬ ಇಲ್ಲಿಯ ಇಸ್ತ್ರಿ ಅಂಗಡಿಯವರೆಗೆ ಬಂದು ನಿಂತಿದ್ದಾನೆಂದರೆ, ಅದು ಸಣ್ಣದಲ್ಲ ಎಂದು ಈಗ ಅರ್ಥವಾಯಿತು.

ಮಗ ಶಿವರಾಮನಿಗೆ ಫೋನ್ ಹಚ್ಚಿದಳು. ಅವನು ಪುಟ್ಟೇನಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ, ಹಿಂದೆ ಕಾಂಕ್ರೀಟಿನ ಯಂತ್ರ ಗಡಗಡ ಅನ್ನುತ್ತಿತ್ತು. "ಅಮ್ಮಾ, ಪೊಲೀಸ್ ಗಿಲೀಸ್ ಅಂತ ಹೋಗ್ಬೇಡ," ಎಂದ. "ಅವಳ ವೀಸಾ ಬೇರೆ ರಿನ್ಯೂವಲ್‌ಗೆ ಕೊಟ್ಟಿದಾಳೆ, ಪಾಸ್‌ಪೋರ್ಟೇ ಕೈಲಿಲ್ಲ. ಬಂದವ್ರು ಮೊದ್ಲು ಅವಳನ್ನೇ ಕೇಳ್ತಾರೆ. ಸದ್ಯಕ್ಕೆ ಎಲ್ಲಾದ್ರೂ ಕಳಿಸ್ಬಿಡು. ಮನೇಲಿ ಹಸುಗೂಸಿದೆ ಕಣಮ್ಮ, ಯೋಚ್ನೆ ಮಾಡು." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲಾದರೂ ಕಳಿಸಬೇಕೆಂದರೆ ಇದ್ದದ್ದು ಒಂದೇ ಓಣಿ, ಓಣಿಯ ಬಾಯಲ್ಲೇ ಇಸ್ತ್ರಿ ಅಂಗಡಿ.

"ನನ್ನ ಕಳುಸ್ಬೇಡಿ ಅಮ್ಮಾ," ಎಂದಳು ನೀಮಾ. "ಅರ್ಧ ಗಂಟೇಲಿ ಕರೀತಾರೆ. ಇವತ್ತು ನಾನು ಇಲ್ಲ ಅಂದ್ರೆ ಸಾಕ್ಷಿ ಇಲ್ಲ ಅಂತ ಬರ್ಕೊತಾರೆ. ಕೇಸ್ ಓಯ್ತು. ನಮ್ಮಮ್ಮ..." ಮುಂದೆ ಅವಳಿಗೆ ಕನ್ನಡ ಸಿಗಲಿಲ್ಲ.

ಗೋಪಾಲಮ್ಮ ಸುತ್ತ ನೋಡಿದಳು. ಮೂರನೇ ಮಹಡಿಯ ಬಾಗಿಲು ಪ್ಲೈವುಡ್ಡಿನದು, ಒಂದು ಒದೆಗೆ ಬೀಳುತ್ತದೆ. ದೇವರ ಕೋಣೆಗೆ ಬಾಗಿಲೇ ಇಲ್ಲ. ಕೈಯಲ್ಲಿನ ಕೆಂಡ ಬೂದಿಯಾಗುತ್ತಿತ್ತು. ಎದುರಿಗೆ ಬಾಣಂತಿ ಕೋಣೆಯ ಬಾಗಿಲವಾಡಕ್ಕೆ ಸಿಕ್ಕಿಸಿದ ಬೇವಿನ ಸೊಪ್ಪು ಬಾಡಿ ಜೋತುಬಿದ್ದಿತ್ತು. ಹೊಸ್ತಿಲ ಪಕ್ಕದಲ್ಲಿ ಅಡ್ಡ ಇಟ್ಟ ಪೊರಕೆ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಹರ್ಷಿತಾ ಒಳಗಿದ್ದಳು. ಮಗು ಹುಟ್ಟಿ ಇನ್ನೂ ಹನ್ನೊಂದು ದಿನ ತುಂಬಿರಲಿಲ್ಲ, ಪುರುಡು ಕಳೆದಿರಲಿಲ್ಲ. ಕಳೆಯುವವರೆಗೆ ಒಬ್ಬ ಗಂಡಸೂ ಆ ಹೊಸ್ತಿಲು ತುಳಿಯುವಂತಿಲ್ಲ. ಕೆಂಗೇರಿಯಿಂದ ಬಂದ ಸ್ವಂತ ಅಳಿಯನನ್ನೇ ಕಿಟಕಿಯಾಚೆ ನಿಲ್ಲಿಸಿ ಮಗು ತೋರಿಸಿ ಕಳಿಸಿದ್ದಳು ಗೋಪಾಲಮ್ಮ. ಅವನು ಪಾಪ ಮುಖ ಸಣ್ಣಗೆ ಮಾಡಿಕೊಂಡು ಹೋಗಿದ್ದ.

"ಚಪ್ಲಿ ಇಲ್ಲೇ ಬಿಡು," ಎಂದಳು. "ಒಳೀಕ್ ನಡಿ."

ಹರ್ಷಿತಾ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿಕೊಂಡು ಮಗುವಿನ ಪಕ್ಕ ಕಾಲು ಚಾಚಿ ಕೂತಿದ್ದಳು. ಕಿಟಕಿಗೆ ಕಂಬಳಿ ಇಳಿಬಿಟ್ಟಿತ್ತು. ಬೆಳ್ಳುಳ್ಳಿ, ಬಜೆ, ಸಾಂಬ್ರಾಣಿಗಳ ವಾಸನೆ ಸೇರಿ ಕೋಣೆ ಕಮ್ಮಗೆ ಉಸಿರುಗಟ್ಟುವಂತಿತ್ತು. ತಾಯಿಯ ಹಿಂದೆ ನೀಮಾ ಬಂದದ್ದನ್ನು ನೋಡಿ ಅವಳು ಹತ್ತಿ ಕಿತ್ತು ಕಣ್ಣರಳಿಸಿದಳು. ವಿಷಯ ಕೇಳಿದ ಮೇಲೆ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು.

"ತಲೆ ಕೆಟ್ಟಿದ್ಯಾ ನಿಂಗೆ? ನನ್ ಗಂಡನ್ನ ಬಿಡ್ಲಿಲ್ಲ. ಈಗ ನೋಡಿದ್ರೆ... ಅವ್ರು ಇಲ್ಲಿಗೇ ನುಗ್ಗಿದ್ರೆ? ಮಗು ಇದೆ ಅಮ್ಮ ಇಲ್ಲಿ!"

"ನುಗ್ಗಲ್ಲ."

"ನಿಂಗ್ ಹೆಂಗೊತ್ತು?"

ಗೋಪಾಲಮ್ಮನಿಗೆ ಗೊತ್ತಿರಲಿಲ್ಲ. ಒಂದು ಹಿಡಿ ಬೇವಿನ ಸೊಪ್ಪಿಗೂ ಒಂದು ಪೊರಕೆಗೂ ಹೆದರುವವರು ಹೆದರುತ್ತಾರೆ, ಹೆದರದವರನ್ನು ಏನು ಮಾಡುವುದು? ಅವಳು ಮಗಳ ಮುಖ ನೋಡದೆ ಕೆಂಡಕ್ಕೆ ಸಾಂಬ್ರಾಣಿ ಪುಡಿ ಹಾಕಿದಳು. "ನಾನೇ ಲಕ್ಕಣ್ಣಂಗೆ ಏಳ್ಬುಟ್ಟೆ ಕಣೇ," ಎಂದಳು. "ನನ್ ಬಾಯಿಂದ್ಲೇ ಆಯ್ತು." ಹರ್ಷಿತಾ ಸರಿದು ಗೋಡೆಯ ಕಡೆ ಜಾಗ ಮಾಡಿಕೊಟ್ಟಳು.

ನೀಮಾ ಗೋಡೆಗೆ ಒರಗಿ ಕೂತು ಲ್ಯಾಪ್‌ಟಾಪನ್ನು ಮೊರದ ಮೇಲಿಟ್ಟುಕೊಂಡು ತೆರೆದಳು. ಅದಕ್ಕೆ ಸಿಕ್ಕಿಸಿದ್ದ ಮೈಕಿನ ಕಡ್ಡಿಯನ್ನು ಬಾಯಿಗೆ ಹತ್ತಿರ ತಂದುಕೊಂಡಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ದೊಡ್ಡ ಹಾಲು ಕಾಣಿಸಿತು. ಕರಿ ಗೌನಿನ ಜಡ್ಜುಗಳು ಸಾಲಾಗಿ ಕೂತಿದ್ದರು. ಕನ್ನಡಕ ಹಾಕಿದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಹರ್ಷಿತಾ ಮೆಲ್ಲಗೆ ತಾಯಿಗೆ ಹೇಳಿದಳು: "ಸಾಕ್ಷಿ ಹೇಳೋವಾಗ ರೂಮಲ್ಲಿ ಬೇರೆ ಯಾರೂ ಇರ್ಬಾರ್ದಂತೆ. ಕ್ಯಾಮೆರಾನ ರೂಮೆಲ್ಲಾ ತಿರುಗಿಸಿ ತೋರ್ಸು ಅಂತಿದಾರೆ."

ನೀಮಾ ಗೋಪಾಲಮ್ಮನ ಕಡೆ ನೋಡಿದಳು. ಪುರುಡು ಕಳೆಯದ ಬಾಣಂತಿಯನ್ನು ಹೊರಗೆ ಕಳಿಸುವುದೆಂದರೆ ಗೋಪಾಲಮ್ಮನ ಪಾಲಿಗೆ ಮನೆಯ ತೊಲೆ ಕಿತ್ತ ಹಾಗೆ. ಹೊರಗಿನ ಗಾಳಿ, ಹೊರಗಿನ ಕಣ್ಣು. ಅವಳು ತಲೆಯಾಡಿಸಿದಳು, ಆಗುವುದಿಲ್ಲ. ನೀಮಾ ಉಸಿರು ಬಿಟ್ಟು ಲ್ಯಾಪ್‌ಟಾಪನ್ನು ನಿಧಾನ ತಿರುಗಿಸಿದಳು. ಕಂಬಳಿ, ಹೊಗೆ, ಸೆರಗು ಬಾಯಿಗೊತ್ತಿ ನಿಂತ ಮುದುಕಿ, ತಲೆಗೆ ಬಟ್ಟೆ ಬಿಗಿದ ಹೆಂಗಸು, ಅವಳ ಮಡಿಲಲ್ಲಿ ಕೆಂಪಗೆ ಮುಷ್ಟಿ ಬಿಗಿದ ಹಸುಗೂಸು.

ಆ ಹಾಲಿನಲ್ಲಿ ಗುಜುಗುಜು ಎದ್ದಿತು. ಜಡ್ಜುಗಳು ಒಬ್ಬರತ್ತ ಒಬ್ಬರು ಬಾಗಿದರು. ನೀಮಾ ಇಂಗ್ಲಿಷಿನಲ್ಲಿ ತಡವರಿಸಿ ತಡವರಿಸಿ ವಿವರಿಸಿದಳು: ಇವರು ಬಾಣಂತಿ, ಇಲ್ಲಿಯ ಪದ್ಧತಿಯಂತೆ ಹೊರಗೆ ಬರುವಂತಿಲ್ಲ, ನಮ್ಮ ಭಾಷೆ ಇವರಿಗೆ ಬರುವುದಿಲ್ಲ, ಹೊರಗೆ ನನ್ನನ್ನು ಹುಡುಕಿಕೊಂಡು ಬಂದವರಿದ್ದಾರೆ, ನನಗೆ ಬೇರೆ ಜಾಗವಿಲ್ಲ. ಹರ್ಷಿತಾ ತಟ್ಟನೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕ್ಯಾಮೆರಾದ ಕಡೆ ತಿರುಗಿ ತೋರಿಸಿದಳು. ಬೇರೆ ದಿನವಾಗಿದ್ದರೆ ಗೋಪಾಲಮ್ಮ ನಕ್ಕುಬಿಡುತ್ತಿದ್ದಳು.

ನಡುವೆ ಕೂತಿದ್ದ ವಯಸ್ಸಾದ ಹೆಂಗಸು, ಜಡ್ಜೇ ಇರಬೇಕು, ಮುಂದಕ್ಕೆ ಬಾಗಿ ಏನೋ ಕೇಳಿದಳು. ನೀಮಾ ಉತ್ತರ ಕೊಟ್ಟಳು. ಆ ಹೆಂಗಸು ಮಗುವನ್ನೇ ನೋಡುತ್ತಾ ತಲೆದೂಗಿ, ಎರಡು ಮಾತು ಹೇಳಿದಳು.

"ಮಗೂಗೆ ಎಷ್ಟು ದಿವ್ಸ ಅಂದ್ರು," ಎಂದಳು ನೀಮಾ. "ಬಾಣಂತಿ ಮಗು ಇರ್ಲಿ ಅಂದ್ರು. ನೀವು ಆಚೆ ಓಗ್ಬೇಕು ಅಮ್ಮಾ." ಅವಳ ಕೈ ತಣ್ಣಗೆ ಗೋಪಾಲಮ್ಮನ ಮುಂಗೈ ಹಿಡಿದು ಬಿಟ್ಟಿತು.

ಗೋಪಾಲಮ್ಮ ಹೊರಗೆ ಬಂದು ಬಾಗಿಲೆಳೆದುಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದಿಗೂ ಹೊರಗೆ ಕಾರು ನಿಂತ ಸದ್ದಿಗೂ ಅಂತರವೇ ಇರಲಿಲ್ಲ.

"ಅಕ್ಕಾ!" ಲಕ್ಕಣ್ಣನ ದನಿ. "ಇದೀಯಾ ಅಕ್ಕಾ?"

ಅವನ ಹಿಂದೆ ಬಂದವನು ಎತ್ತರದ ಆಳು. ಒಳ್ಳೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ತಲೆ ನುಣ್ಣಗೆ, ನಗು ಇನ್ನೂ ನುಣ್ಣಗೆ. ಬಾಗಿಲಲ್ಲಿ ಷೂ ಬಿಚ್ಚಿ, ಕೈಮುಗಿದು, ಕಲಿತುಬಂದ ಹಾಗೆ "ನಮಸ್ಕಾರ ಅಮ್ಮ" ಎಂದ. ಕೂಗಾಡುವವನು ಬಂದಿದ್ದರೆ ಗೋಪಾಲಮ್ಮನೂ ಕೂಗಾಡುತ್ತಿದ್ದಳು, ಓಣಿಯೆಲ್ಲ ಸೇರುತ್ತಿತ್ತು. ಇವನು ನಗುತ್ತಾ ಷೂ ಬಿಚ್ಚಿದ್ದು ನೋಡಿ ಬನ್ನಿ ಎನ್ನದೆ ವಿಧಿಯಿರಲಿಲ್ಲ.

"ನೀಮಾ ಅವ್ರ ಚಿಕ್ಕಪ್ಪ ಅಂತೆ ಅಕ್ಕಾ," ಎಂದ ಲಕ್ಕಣ್ಣ ಸೋಫಾದಲ್ಲಿ ಕೂರುತ್ತಾ. "ಪಾಪ, ಒಂದ್ ವಾರ್‌ದಿಂದ ಉಡುಕ್ತಾವ್ರೆ. ನೀನ್ ಮೊನ್ನೆ ಏಳ್ದೆ ನೋಡು, ಆಗ ತಲೇಗ್ ಒಳೀತು. ಕರ್ಯಕ್ಕಾ ಅವ್ಳ್ನ."

"ಇಲ್ಲ ಅವ್ಳು. ಯಶವಂತ್‌ಪುರಕ್ಕೆ ಓದ್ಲು, ಬೆಳಗ್ಗೇನೇ."

"ಇವತ್ತು ಕಂಪ್ಯೂಟ್ರಲ್ಲಿ ಕೋರ್ಟು ಅಂದಿದ್ದೆ?"

"ಅದಕ್ಕೇ ಓಗವ್ಳೆ. ಅಲ್ಲಿ ಯಾರೋ ಸ್ನೇಹಿತ್ರ ಮನೆ." ಸುಳ್ಳು ಬಾಯಿಗೆ ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಲೇ ಇತ್ತು.

ಲಕ್ಕಣ್ಣ ಅದನ್ನು ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಆ ಮನುಷ್ಯ ಕೇಳಿಸಿಕೊಂಡು, ಎದ್ದು, ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಹೋದ. ಮೇಲೆ ಬೀಗ ಅಲುಗಾಡಿಸಿದ್ದು, ಬಾಗಿಲು ತಟ್ಟಿದ್ದು ಕೇಳಿಸಿತು. ನೀಮಾ ಬೀಗ ಹಾಕಿಕೊಂಡು ಬಂದದ್ದು ಪುಣ್ಯ. ಅವನು ಹಾಗೇ ನಗುತ್ತಾ ಇಳಿದು ಬಂದು ಕೂತ. ಕಾಯುತ್ತೇನೆ, ಅವಸರವಿಲ್ಲ ಎಂದನಂತೆ.

ಕಾಫಿ ಮಾಡದೆ ಇರುವುದು ಹೇಗೆ? ಕಾಫಿ ಕೊಟ್ಟು ಗೋಪಾಲಮ್ಮ ಗೋಡೆಗೊರಗಿ ನಿಂತಳು. ಮನೆ ಅಷ್ಟು ನಿಶ್ಶಬ್ದವಾಗಿದ್ದುದೇ ಕೇಡಾಯಿತು. ಬಾಣಂತಿ ಕೋಣೆಯ ಬಾಗಿಲ ಸಂದಿಯಿಂದ ಸಣ್ಣಗೆ, ಒಂದೇ ಸಮನೆ, ಮಾತು ಸೋರಿ ಬರುತ್ತಿತ್ತು. ಇಂಗ್ಲಿಷಲ್ಲ, ಕನ್ನಡವಂತೂ ಅಲ್ಲ. ನೀಮಾ ತನ್ನ ಮನೆಮಾತಿನಲ್ಲಿ ಸಾಕ್ಷಿ ಹೇಳುತ್ತಿದ್ದಳು.

ಆ ಮನುಷ್ಯ ಲೋಟವನ್ನು ತುಟಿಯ ಬಳಿಯೇ ನಿಲ್ಲಿಸಿದ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ. ಅವನ ನಗು ಮೊದಲ ಸಲ ಹೋಯಿತು.

"ಯಾರಕ್ಕಾ ಮಾತಾಡ್ತಿರೋದು?" ಎಂದ ಲಕ್ಕಣ್ಣ.

"ಅರ್ಷಿತಾ. ಗಂಡನ್ ಜೊತೆ, ಫೋನಲ್ಲಿ." ಗೋಪಾಲಮ್ಮ ಬಾಗಿಲ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದಳು: "ಅರ್ಷಿತಾ! ಲಕ್ಕಣ್ಣ ಮಾವ ಬಂದವ್ನೆ ಕಣೇ, ಜೊತೇಲಿ ನೆಂಟ್ರು ಅವ್ರೆ! ನಿನ್ ಮಾತು ಈಚೆಗಂಟ ಕೇಳ್ತೈತೆ!"

ಒಳಗೆ ಮಾತು ನಿಂತಿತು. ಪೂರ್ತಿ ನಿಂತಿತು. ಅದು ಇನ್ನೂ ಘೋರ. ಹುಡುಗಿ ಬಾಯಿ ಮುಚ್ಚಿದಳೆಂದರೆ ಅಲ್ಲಿ, ಆ ದೊಡ್ಡ ಹಾಲಿನಲ್ಲಿ, ಅವಳ ಅಣ್ಣನೂ ಮುಚ್ಚಿಹೋದ ಹಾಗೆ. ಮುಚ್ಚಿಸಿದವಳು ತಾನೇ, ಎರಡನೇ ಸಲ. ಗೋಪಾಲಮ್ಮ ಕಣ್ಣು ಮುಚ್ಚಿ ಮನೆದೇವರನ್ನು ನೆನೆದಳು.

ಆಗ ಮಗು ಅಳತೊಡಗಿತು. ಮೊದಲು ಕುಂಯ್ ಎಂದು, ಆಮೇಲೆ ಎಳೆದು ಎಳೆದು, ಆಮೇಲೆ ಮನೆ ಹಾರಿಹೋಗುವ ಹಾಗೆ. ಎರಡು ಮಕ್ಕಳನ್ನು ಹೆತ್ತು ಊರಿನ ಹತ್ತಾರು ಬಾಣಂತನ ಮಾಡಿದ ಗೋಪಾಲಮ್ಮನಿಗೆ ಆ ಅಳುವಿನ ಅರ್ಥ ಗೊತ್ತಾಗದೆ ಇರುತ್ತದೆಯೆ? ಬಾಯಲ್ಲಿದ್ದ ಮೊಲೆಯನ್ನು ಕಿತ್ತುಕೊಂಡಾಗ ಅಳುವ ಅಳು ಅದು. ಮಗಳು ಹಾಲು ಬಿಡಿಸಿ ಮಗುವನ್ನು ದೂರ ಹಿಡಿದು ಕೂತಿದ್ದಾಳೆ. ಬೇಕೆಂದೇ ಅಳಿಸುತ್ತಿದ್ದಾಳೆ. ಆ ಅಳುವಿನ ಅಡಿಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು, ಮತ್ತೊಂದು ದನಿ ಮತ್ತೆ ಹೊರಟಿತು.

"ಏನಕ್ಕಾ ಪಾಪ ಇಷ್ಟೊಂದ್ ಅಳ್ತೈತೆ?"

"ಒಟ್ಟೆ ನೋವು. ವಾಯು." ಅವಳ ಕಾಲುಗಳು ತಾವಾಗಿಯೇ ಕೋಣೆಯ ಕಡೆ ಎಳೆಯುತ್ತಿದ್ದವು. ಮೊಮ್ಮಗ ಉಸಿರು ಕಟ್ಟಿ, ಒಂದು ಗಳಿಗೆ ನಿಂತು, ಮತ್ತೆ ಕಿರುಚಿದ. ಅವಳು ಗೋಡೆ ಬಿಟ್ಟು ಕದಲಲಿಲ್ಲ.

ಆ ಮನುಷ್ಯನ ಕಣ್ಣು ಬಾಗಿಲ ಮೇಲಿತ್ತು. ಅದು ಮೆಲ್ಲಗೆ ಬೇವಿನ ಸೊಪ್ಪಿನಿಂದ ಬಾಗಿಲಿಗೆ, ಬಾಗಿಲಿಂದ ಹೊಸ್ತಿಲಿಗೆ ಇಳಿಯುತ್ತಾ ಬಂತು. ಅದು ಎಲ್ಲಿಗೆ ಬರುತ್ತಿದೆಯೆಂದು ಗೋಪಾಲಮ್ಮನಿಗೆ ಒಮ್ಮೆಲೇ ಕಾಣಿಸಿತು. ಹೊಸ್ತಿಲ ಮುಂದೆ, ಪೊರಕೆಯ ಪಕ್ಕ, ನೀಮಾಳ ಹಳದಿ ಪಟ್ಟಿಯ ಚಪ್ಪಲಿ. ಅವಳ ಊರಿನಿಂದ ತಂದದ್ದು, ಪಟ್ಟಿಯ ಮೇಲೆ ಮಣಿ ಪೋಣಿಸಿದ್ದು. ತಣಿಸಂದ್ರವನ್ನೆಲ್ಲ ಹುಡುಕಿದರೂ ಅಂಥದೊಂದು ಜೊತೆ ಸಿಗುತ್ತಿರಲಿಲ್ಲ.

ಗೋಪಾಲಮ್ಮ ಯೋಚಿಸಲಿಲ್ಲ. "ಏನ್ ಮಾಡ್ತಾವ್ಳೋ ಇವ್ಳು, ಮಗೀನ ಇಂಗ್ ಅಳುಸ್ತಾ," ಎಂದು ಗೊಣಗುತ್ತಾ ಬಾಗಿಲ ಬಳಿ ನಡೆದು, ಆ ಚಪ್ಪಲಿಯೊಳಗೆ ಕಾಲು ತೂರಿಸಿ, ಸೀರೆಯ ನೆರಿಗೆ ಇಳಿಬಿಟ್ಟು ಅಲ್ಲೇ ನಿಂತಳು. ಚಪ್ಪಲಿ ದೊಡ್ಡದು, ಹಿಮ್ಮಡಿಯ ಹಿಂದೆ ಎರಡು ಬೆರಳು ಉಳಿಯಿತು. ಬಾಗಿಲಿಗೆ ಬೆನ್ನು ತಾಗಿಸಿಕೊಂಡಳು. ಬೆನ್ನಿಗೆ ಮಗುವಿನ ಅಳು ತಟ್ಟುತ್ತಿತ್ತು.

ತಲೆ ಎತ್ತಿದಾಗ ಲಕ್ಕಣ್ಣ ಅವಳ ಪಾದಗಳನ್ನೇ ನೋಡುತ್ತಿದ್ದ.

ಅವನು ಅದೇ ಮನೆಯಲ್ಲಿ ಹಬ್ಬ ಉಂಡವನು. ಅಕ್ಕ ಚಪ್ಪಲಿ ಮೆಟ್ಟಿ ಒಳಗೆ ಬಂದವರನ್ನು ಹೇಗೆ ಅಟ್ಟುತ್ತಾಳೆಂದು ಬಲ್ಲವನು. ಒಂದು ಯುಗಾದಿಯಲ್ಲಿ ಅವನೇ ಅಟ್ಟಿಸಿಕೊಂಡಿದ್ದ. ನಡುಮನೆಯೊಳಗೆ, ಬಾಣಂತಿಯ ಹೊಸ್ತಿಲಲ್ಲಿ, ಮಣಿಯ ಚಪ್ಪಲಿ ಮೆಟ್ಟಿ ನಿಂತ ಅಕ್ಕನನ್ನು ಅವನು ಕೆಳಗಿನಿಂದ ಮೇಲಕ್ಕೆ ನೋಡಿದ. ಅವಳ ಮುಖಕ್ಕೆ ಬಂದಾಗ ಅವನ ಬಾಯಿ ಸ್ವಲ್ಪ ತೆರೆಯಿತು. ಅವನು ಒಂದು ಮಾತಾಡಿದರೆ ಮುಗಿಯಿತು.

ಆ ಮನುಷ್ಯ ಎದ್ದ. ಜೇಬಿನಿಂದ ಐನೂರರ ನೋಟು ತೆಗೆದು ಬೆರಳಲ್ಲಿ ಹಿಡಿದು, ನಗು ಮತ್ತೆ ತಂದುಕೊಂಡು, ಇಂಗ್ಲಿಷಿನಲ್ಲಿ ಏನೋ ಹೇಳುತ್ತಾ ಬಾಗಿಲ ಕಡೆ ಬಂದ. ಮಗು, ಬೇಬಿ, ಬ್ಲೆಸ್ಸಿಂಗ್, ಅಷ್ಟು ಗೋಪಾಲಮ್ಮನಿಗೆ ತಿಳಿಯಿತು. ನಾಲ್ಕು ಹೆಜ್ಜೆ ಬಂದರೆ ಅವಳು. ಅವಳ ಹಿಂದೆ ಒಂದು ಅಗುಳಿ.

"ನೋ ಸಾರ್," ಎಂದ ಲಕ್ಕಣ್ಣ.

ಆ ಮನುಷ್ಯ ಕೇಳಿಸದವನ ಹಾಗೆ ಮುಂದಡಿಯಿಟ್ಟ. ಲಕ್ಕಣ್ಣ ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿತು. ಅವನು ನಡುವೆ ಬಂದು ನಿಂತ. ದಪ್ಪ ಹೊಟ್ಟೆ, ಬಿಳಿ ಅಂಗಿ, ಕೊರಳಲ್ಲಿ ಚಿನ್ನದ ಸರ, ಬಾಡಿಗೆಗೆ ಮನೆ ತೋರಿಸುವ ಲಕ್ಕಣ್ಣನೇ, ಆದರೆ ದನಿ ಬೇರೆಯಾಗಿತ್ತು.

"ಬಾಣಂತಿ ಸಾರ್. ಪುರುಡು. ಜೆಂಟ್ಸ್ ನಾಟ್ ಗೋ. ನಾನ್ ಸೋದರ್ಮಾವ, ನಾನೇ ಓಗಂಗಿಲ್ಲ. ಅವ್ಳ್ ಗಂಡನೇ ಓಗಂಗಿಲ್ಲ." ಆ ಮನುಷ್ಯ ನಕ್ಕು ಅವನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಲು ನೋಡಿದ. ಲಕ್ಕಣ್ಣ ಸರಿಯಲಿಲ್ಲ. "ನೋ ಅಂದ್ರೆ ನೋ," ಎಂದ. "ಇದು ನಮ್ಮೂರು."

ಎಷ್ಟು ಹೊತ್ತು ಹಾಗೆ ನಿಂತರೋ. ಮಗು ಅಳುತ್ತಲೇ ಇತ್ತು. ಕೊನೆಗೆ ಆ ಮನುಷ್ಯ ನೋಟನ್ನು ಮಡಚಿ ಜೇಬಿಗಿಟ್ಟ. ಲಕ್ಕಣ್ಣನ ತಲೆಯ ಮೇಲಿಂದ ಗೋಪಾಲ‌ಮ್ಮನನ್ನು ನೋಡಿ, ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ "ಟುಮಾರೋ, ಅಮ್ಮ" ಎಂದ. ಕೂತು ನಿಧಾನವಾಗಿ ಷೂ ಕಟ್ಟಿಕೊಂಡು ಹೋಗಿ ಕಾರಿನಲ್ಲಿ ಕೂತ.

ಲಕ್ಕಣ್ಣ ಹಿಂದೆ ಉಳಿದ. ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡ. "ನೆಂಟ್ರು ಅಂತ ಏಳಿದ್ರು ಅಕ್ಕಾ ನಂಗೆ," ಎಂದ ನೆಲ ನೋಡುತ್ತಾ. ಗೋಪಾಲಮ್ಮ ತಲೆಯಾಡಿಸಿದಳು. ಅವನು ಮುಂಬಾಗಿಲ ತನಕ ಹೋಗಿ ನಿಂತ. "ಚಪ್ಲಿ ದೊಡ್ಡದೈತೆ. ಎಡವಿ ಗಿಡವಿ ಬಿದ್ದೀಯ, ನಿಧಾನ."

ಕಿಟಕಿಯಿಂದ ಅವಳು ನೋಡಿದಳು. ಅವನು ಕಾರಿನ ಬಾಗಿಲಿಗೆ ಕೈ ಹಾಕಿದವನು ಬಿಟ್ಟು, ಗೇಟಿನ ಪಕ್ಕದ ಬೇವಿನ ಮರದ ಒಂದು ಕೊಂಬೆಯನ್ನು ಜಗ್ಗಿ ಮುರಿದ. ಅದನ್ನು ಗೇಟಿನ ಕಂಬಿಗಳ ನಡುವೆ ಸಿಕ್ಕಿಸಿದ. ಮೇಲೆ ನೋಡದೆ ಹೋಗಿ ಕಾರು ಹತ್ತಿದ. ಕಾರು ಓಣಿಯ ಬಾಯಿಯವರೆಗೆ ಹೋಯಿತು. ಅಲ್ಲಿ ಲಕ್ಕಣ್ಣ ಇಳಿದು ಕೈ ಬೀಸುತ್ತಾ ಏನೋ ಜಗಳವಾಡಿ, ನಡೆದುಕೊಂಡು ಹೊರಟುಹೋದ. ಕಾರು ಮಾತ್ರ ಹೋಗಲಿಲ್ಲ. ಇಸ್ತ್ರಿ ಅಂಗಡಿಯ ಎದುರಿಗೆ ಗಾಜು ಏರಿಸಿಕೊಂಡು ಹಾಗೇ ನಿಂತಿತ್ತು.

ಗೋಪಾಲಮ್ಮ ಮುಂಬಾಗಿಲ ಚಿಲಕ ಹಾಕಿ, ಅದಕ್ಕೆ ಕುರ್ಚಿ ಎಳೆದಿಟ್ಟಳು. ಬಾಣಂತಿ ಕೋಣೆಯ ಬಾಗಿಲಿಗೆ ಬಂದು ತಟ್ಟಲು ಕೈಯೆತ್ತಿದಳು. ಒಳಗೆ ಹೋಗುವಂತಿಲ್ಲ, ಆ ಕೋರ್ಟಿನ ಹೆಂಗಸು ಹೇಳಿದ್ದಳು. ಕೈ ಇಳಿಸಿ, ಬಾಯಿಯನ್ನು ಸಂದಿಗಿಟ್ಟು ಪಿಸುಗುಟ್ಟಿದಳು:

"ಓದ್ರು ಕಣೇ. ಆಲ್ ಕೊಡೇ ಮಗೀಗೆ."

ಅಳು ಒಮ್ಮೆ ಬಿಕ್ಕಿ, ತುಂಬಿದ ಬಾಯಿಯಲ್ಲಿ ಮುಳುಗಿ ನಿಂತಿತು. ಗೋಪಾಲಮ್ಮ ಮಣಿಯ ಚಪ್ಪಲಿಯಲ್ಲೇ ಹೊಸ್ತಿಲ ಮೇಲೆ ಕೂತಳು. ತಲೆಯ ಮೇಲೆ ಬೇವಿನ ಸೊಪ್ಪು. ಸದ್ದಿಲ್ಲದ ಮನೆಯಲ್ಲಿ ಈಗ ಆ ಒಂದೇ ದನಿ ಕೇಳುತ್ತಿತ್ತು. ಅದು ಪಿಸುಗುಟ್ಟುತ್ತಿರಲಿಲ್ಲ. ಅವಳಿಗೆ ತಿಳಿಯದ ಮಾತುಗಳು ಒಂದರ ಹಿಂದೊಂದು ಬಂದವು, ನಡುವೆ ಯಾರೋ ಪ್ರಶ್ನೆ ಕೇಳಿದರು, ದನಿ ತಡೆದು ನಿಂತಿತು. ಆಮೇಲೆ, ಶಾಲೆಯಲ್ಲಿ ಹಾಜರಿ ಕೂಗುವಷ್ಟು ಸ್ಪಷ್ಟವಾಗಿ, ಅವಳಿಗೆ ತಿಳಿಯುವ ಒಂದೇ ಒಂದು ಮಾತು ಬಾಗಿಲಾಚೆಯಿಂದ ಬಂತು.

"ಬರಾಕಾ."